ಒಲೆಯ ಮುಂದಿನ ಕಾಣಿಕೆ

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಮತ್ತು 9ನೆಯ ಅಧ್ಯಾಯಗಳನ್ನು ಈ ತಿಂಗಳಲ್ಲಿ ನೀವು ಮನೆಯವರೆಲ್ಲರೂ ಕೂಡಿ ಓದಬೇಕೆಂದು ಬೇಡಿಕೊಳ್ಳುತ್ತೇವೆ. ಓದುಬಾರದವರು ಶಾಲೆಗೆ ಹೋಗುವ ಮಗುವಿನಿಂದ ಓದಿಸಿ ಕೇಳಿರಿ. ಈ ಎರಡು ಅಧ್ಯಾಯಗಳಲ್ಲಿ ಗೂಢಾರ್ಥಗಳೇನೂ ಇಲ್ಲ. ಹಣದ ಮಾತು ಇದೆ. ಹಣದ ಮಾತನ್ನು ಪ್ರಸಂಗಪೀಠದಿಂದ ಎತ್ತಿದಾಗ ನಮ್ಮ ಜನರು ತಲೆತಗ್ಗಿಸಿ ಕುಳಿತುಕೊಳ್ಳುವದನ್ನೂ ಕೆಲವರು ನೀರು ಕುಡಿಯುವ ನೆವದಿಂದ ಹೊರಗೆ ಎದ್ದುಹೋಗುವದನ್ನೂ ನಾವು ಕಂಡಿದ್ದೇವೆ. ಸಭಾಪಾಲಕರಿಗೂ ಈ ಮಾತು ಹಿತವಲ್ಲ. ತಮ್ಮ ಸಂಬಳಕ್ಕಾಗಿಯೇ ಮಾತಾಡುತ್ತಾರೆಂದು ಜನರು ನೆನಸಿಯಾರೆಂಬ ನಾಚಿಕೆಯಿಂದ ವರುಷಗಟ್ಟಲೆ ಬಾಯಿ ಮುಚ್ಚಿಕೊಂಡಿರುವವರುಂಟು. ಪೌಲನಿಗೆ ಅಂಥ ನಾಚಿಕೆ ಇರಲಿಲ್ಲ. ಯಾಕಂದರೆ ಅವನು ಕೂಡಿಸುತ್ತಿದ್ದ ಹಣದಲ್ಲಿ ಒಂದು ಕಾಸಾದರೂ ಅವನಿಗೆ ಸಲ್ಲತಕ್ಕದ್ದಾಗಿರಲಿಲ್ಲ.

ಆ ಹಣದ ಚರಿತ್ರೆ ಏನೆಂದರೆ, ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಕ್ಷಾಮ ಬಂದಾಗ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗನುಸಾರವಾಗಿ ಕೂಡಿಸಿ ಯೂದಾಯದ ಸಹೋದರರಿಗೆ ಸಹಾಯ ಕಳುಹಿಸಿದರೆಂದು ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಮೇಲೆ ಪೌಲನು ಗಲಾತ್ಯ, ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಲ್ಲಿ ಯೆರೂಸಲೇಮಿನ ಬಡ ದೇವಜನರಿಗಾಗಿ ಇನ್ನೊಂದು ದೊಡ್ಡ ಚಂದಾ ಎತ್ತಿಸಿದನು. ಕೊರಿಂಥವು ಎರಡು ರೇವುಗಳುಳ್ಳ ವ್ಯಾಪಾರದ ಪಟ್ಟಣವಾಗಿತ್ತು. ಅಲ್ಲಿಯವರು ಹಿಂದಿನ ವರುಷವೇ ಬಹು ಉತ್ಸಾಹದಿಂದ ಆರಂಭಿಸಿ ನಡುವೆ ಕೈಬಿಟ್ಟಿದ್ದರು. ನಮ್ಮಲ್ಲಿಯ ಕೆಲವು ದೇವಾಲಯಗಳ ಕಟ್ಟಡದ ನಿಧಿಯೂ ಹೀಗೆಯೇ. ಅಡಿಗಲ್ಲು ಇಟ್ಟ ದಿನ ಹಾರಗಳೇನು, ಊಟವೇನು! ಈಗ ಆ ಕಲ್ಲಿನ ಸುತ್ತ ಮೇಕೆಗಳು ಮೇಯುತ್ತವೆ. ಫಿಲಿಪ್ಪಿ, ಥೆಸಲೋನಿಕ ಮೊದಲಾದ ಮಕೆದೋನ್ಯದ ಸಭೆಯವರಾದರೋ ಹಿಂಸೆಗೆ ಗುರಿಯಾದವರು, ಕಡುಬಡವರು. ಅವರನ್ನು ಕೇಳಲಿಕ್ಕೆ ಪೌಲನಿಗೇ ಮನಸ್ಸು ಬರಲಿಲ್ಲವೆಂದು ತೋರುತ್ತದೆ. ಆದರೆ ಅವರೇ ಅವನ ಬಳಿಗೆ ಬಂದು, ಈ ಸೇವೆಯಲ್ಲಿ ತಮಗೂ ಪಾಲು ಕೊಡಬೇಕೆಂದು ಅಂಗಲಾಚಿ ಬೇಡಿಕೊಂಡರು. ಶಕ್ತಿಗೆ ಮೀರಿ ಕೊಟ್ಟರು. ಬಡವನು ಬೇಡುವದನ್ನು ನಾವು ಪ್ರತಿದಿನ ನೋಡುತ್ತೇವೆ. ಕೊಡುವದಕ್ಕೆ ಅಪ್ಪಣೆಯಾಗಬೇಕೆಂದು ಬೇಡುವ ಬಡವರನ್ನು ಇಲ್ಲಿ ಮಾತ್ರ ನೋಡುತ್ತೇವೆ.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ದೇವರು ನಮಗೆ ತೋರಿಸಿದ ಕೃಪೆಗೆ ಪೌಲನು ಯಾವ ಗ್ರೀಕ್ ಶಬ್ದವನ್ನು ಉಪಯೋಗಿಸುತ್ತಾನೋ ಅದೇ ಶಬ್ದವನ್ನು ಈ ಚಂದಾಕ್ಕೂ ಉಪಯೋಗಿಸಿದ್ದಾನೆ. ಕೊಡುವದು ದೇವರ ಕೃಪೆಗೆ ನಾವು ತೆರುವ ಬೆಲೆಯಲ್ಲ. ಅದು ತಾನೇ ಒಂದು ಕೃಪೆ. ಹಾಗಾದರೆ ಒಬ್ಬನಿಗೆ ನೀನು ಬಡವನು, ನೀನು ಕೊಡಬೇಕಾಗಿಲ್ಲ ಎಂದು ಹೇಳುವದು ಅವನಿಗೆ ಉಪಕಾರ ಮಾಡಿದಂತೆ ಕಂಡರೂ ಕೃಪೆಯ ಬಾಗಿಲನ್ನು ಅವನ ಮುಖದ ಮುಂದೆ ಮುಚ್ಚಿದಂತೆಯೇ ಸರಿ. ಈ ಮಾತನ್ನು ನಾವು ಸುಲಭವಾಗಿ ಕಲಿಯಲಿಲ್ಲ. ಅದನ್ನು ಕೊನೆಯಲ್ಲಿ ಹೇಳುವೆವು.

ನಮ್ಮ ಕನ್ನಡ ನಾಡಿನ ಹಳ್ಳಿಯ ಸಭೆಗಳಲ್ಲಿ ಅನೇಕವು ಪಡೆಯುವ ಸಭೆಗಳಾಗಿ ಹುಟ್ಟಿದವು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ. ಶಾಲೆ ಅವರದು, ದೇವಾಲಯ ಅವರದು, ಉಪದೇಶಿಯ ಸಂಬಳ ಅವರದು. ಜಾತಿಯಿಂದ ಹೊರಗಾಗಿ ಹೊಲ ಮನೆ ಕಳಕೊಂಡವರಿಗೆ ಮಗ್ಗವೂ ಹಂಚಿನ ಕಾರ್ಖಾನೆಯಲ್ಲಿ ಕೆಲಸವೂ ಅವರಿಂದಲೇ ದೊರೆತವು. ಈ ಹಣವೆಲ್ಲ ಸಮುದ್ರದ ಆಚೆಯಲ್ಲಿರುವ ಯಾವದೋ ದೊಡ್ಡ ಭಂಡಾರದಿಂದ ಬರುತ್ತದೆ, ಆ ದೇಶದಲ್ಲಿ ಎಲ್ಲರೂ ಸಾಹುಕಾರರು, ಕೊಟ್ಟರೆ ಅವರಿಗೇನೂ ಕಡಿಮೆಯಾಗುವದಿಲ್ಲ ಎಂಬ ಎಣಿಕೆ ನಮ್ಮ ಹಿರಿಯರಲ್ಲಿ ಬೇರೂರಿತು. ಈಗಲೂ ಅದು ಪೂರಾ ಹೋಗಿಲ್ಲ.

ನಿಜಸಂಗತಿ ಬೇರೆ. 1855ರಲ್ಲಿ ಬಾಸೆಲ್ ಪಟ್ಟಣದ ಕಾರ್ಲ್ ಸರಾಸಿನ್ ಎಂಬವರು ಅರೆ ಬಾಟ್ಸೆನ್ ಚಂದಾ ಎಂಬ ಪದ್ಧತಿಯನ್ನು ಆರಂಭಿಸಿದರು. ಬಾಟ್ಸೆನ್ ಎಂಬದು ಸ್ವಿಸ್ ದೇಶದ ಹಳೆಯ ನಾಣ್ಯ. ಅದರ ಅರ್ಧವೆಂದರೆ ಐದು ಸಾಂಟೀಮು, ನಮ್ಮ ಹಿಂದಿನ ಕಾಲದ ಪುಡಿಗಾಸಿನಂಥದು. ಆ ಚಂದಾಕ್ಕೆ ಸೇರಿದವರು ವಾರಕ್ಕೆ ಒಂದಾವರ್ತಿ ಆ ಒಂದು ಪುಡಿನಾಣ್ಯವನ್ನು ಕೊಡುವರು; ನೆರೆಯವರಲ್ಲಿಯೇ ಒಬ್ಬರು ಅದನ್ನು ಕೂಡಿಸಿ ಒಪ್ಪಿಸುವರು. ಮಿಷನಿಗೆ ಆಧಾರವಾಗಿದ್ದವರಲ್ಲಿ ಬಹು ಮಂದಿ ಸ್ವಿಸ್ ದೇಶದ ಮತ್ತು ವುರ್ಟೆಂಬೆರ್ಗ್ ಸೀಮೆಯ ಹಳ್ಳಿಗಳ ಸಾಮಾನ್ಯ ರೈತರೂ ಕೈಕಸಬಿನವರೂ ಆಗಿದ್ದರು. ಸಾಹುಕಾರರೂ ಇದ್ದರು, ಇಲ್ಲವೆನ್ನುವದಿಲ್ಲ; ಸರಾಸಿನ್ ತಾವೇ ಧನವಂತರ ಮನೆಯವರು. ಆದರೆ ನಮ್ಮ ಅಜ್ಜಂದಿರು ಅಕ್ಷರ ಕಲಿತ ಶಾಲೆಯ ಗೋಡೆಯಲ್ಲಿ, ಕಡಲಿನ ಆಚೆಯ ಯಾವಳೋ ಒಬ್ಬ ಬಡಹೆಂಗಸು ವಾರವಾರವೂ ತೆಗೆದಿಟ್ಟ ಪುಡಿಗಾಸೂ ಸೇರಿದೆ. ಅವಳು ಕನ್ನಡ ನಾಡನ್ನು ನೋಡಲಿಲ್ಲ. ನಮ್ಮ ಅಜ್ಜಂದಿರ ಹೆಸರನ್ನು ಅವಳು ಉಚ್ಚರಿಸಲಿಕ್ಕೂ ಶಕ್ತಳಾಗಿದ್ದಿಲ್ಲ.

1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾದಾಗ ಈ ಊಟೆ ನಿಂತಿತು. ಜರ್ಮನ್ ಮಿಷನರಿಗಳು ಬಂಧನದಲ್ಲಿ ಇಡಲ್ಪಟ್ಟು ಬಳಿಕ ದೇಶದಿಂದ ಕಳುಹಿಸಲ್ಪಟ್ಟರು. ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನಿನ ಕೈಬಿಟ್ಟುಹೋದವು. ತಂದೆಯ ಮನೆಯಲ್ಲಿ ಕುಳಿತುಣ್ಣುತ್ತಿದ್ದ ಮಗನು ಒಂದೇ ರಾತ್ರಿಯಲ್ಲಿ ಮನೆಯ ಯಜಮಾನನಾಗಬೇಕಾದಂತೆ ಆಯಿತು. ಅಂಥ ದಿನ ನಮ್ಮ ನಿಮ್ಮ ಸಭೆಗೆ ನಾಳೆ ಬಂದರೆ ದೇವಾಲಯದ ದೀಪ ಉರಿಯುವದೋ? ಸಭಾಪಾಲಕರ ಮಕ್ಕಳು ಉಣ್ಣುವರೋ? ಮಳೆಯಲ್ಲಿ ಬಿದ್ದ ಗೋಡೆಯನ್ನು ಎಬ್ಬಿಸುವವರು ಯಾರು? ನಿಮ್ಮ ಸಭೆಯ ಪುಸ್ತಕವನ್ನು ತೆರೆದು, ಊರವರು ಕೊಟ್ಟದ್ದೆಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂದು ಒಂದು ಸಲ ನೋಡಿರಿ. ನಾವು ನೋಡಿದ ಕೆಲವು ಪುಸ್ತಕಗಳು ನಮ್ಮನ್ನು ನಾಚಿಸಿದವು.

ನಮ್ಮ ಊರಲ್ಲಿ ಏನಿದೆ, ಕೂಲಿಯವರು ಎಲ್ಲಿಂದ ಕೊಡುವರು ಎಂದು ನೀವು ಕೇಳುವಿರಿ. ಇದಕ್ಕೆ ಉತ್ತರವಾಗಿ ನಮಗಿಂತ ಧನವಂತರಾದ ಜನರನ್ನು ನಾವು ತೋರಿಸುವದಿಲ್ಲ. ನಮ್ಮ ದೇಶದ ಈಶಾನ್ಯ ಮೂಲೆಯಲ್ಲಿ, ಬರ್ಮಾ ದೇಶದ ಗಡಿಗೆ ಹತ್ತಿದ ಗುಡ್ಡಗಳಲ್ಲಿ ಮಿಜೋ ಜನರಿದ್ದಾರೆ. ಆ ಸೀಮೆಗೆ ಆಗ ಲುಶಾಯಿ ಗುಡ್ಡಗಳೆಂಬ ಹೆಸರಿತ್ತು. ಸುವಾರ್ತಿಕರು ಅಲ್ಲಿ ನೆಲಸಿ ಕೆಲಸ ಹಿಡಿದದ್ದು 1894ರಲ್ಲಿ, ಅಂದರೆ ಮಂಗಳೂರಿಗೆ ಬಂದು ಅರುವತ್ತು ವರುಷಗಳ ಮೇಲೆ. ಕಾಡು ಕಡಿದು ಸುಟ್ಟು ಇಳಿಜಾರಿನಲ್ಲಿ ಬತ್ತ ಬಿತ್ತುವ ಬಡಜನರು ಅವರು. 1910ರಲ್ಲಿ ಅಲ್ಲಿಯ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು ಒಂದು ಪದ್ಧತಿಯನ್ನು ಹಿಡಿದರು. ಅದಕ್ಕೆ ಅವರ ಭಾಷೆಯಲ್ಲಿ ಬುಹ್‌ಫಾಯ್ ಥಾಮ್ ಎನ್ನುತ್ತಾರೆ. ಹಿಡಿ ಅಕ್ಕಿ ಎಂದರ್ಥ. ಮನೆಯ ಹೆಂಗಸು ಪ್ರತಿಯೊಂದು ಊಟಕ್ಕೆ ಅಕ್ಕಿಯನ್ನು ಅಳೆದು ತೆಗೆದ ಮೇಲೆ, ಅದನ್ನು ಪಾತ್ರೆಗೆ ಹಾಕುವ ಮೊದಲು, ಅದರಿಂದ ಒಂದು ಹಿಡಿಯನ್ನು ಎತ್ತಿ ಬೇರೆ ಪಾತ್ರೆಯಲ್ಲಿ ದೇವರಿಗೆಂದು ಇಡುವಳು. ಕೂಡಿದ ಅಕ್ಕಿಯನ್ನು ಸಭೆಯವರು ಮನೆಮನೆಯಿಂದ ತಂದು ಮಾರುವರು; ಆ ಹಣ ಸುವಾರ್ತೆಯ ಕೆಲಸಕ್ಕೆ ಹೋಗುವದು. ಇಷ್ಟೇ.

ಈ ಪದ್ಧತಿ ಹುಟ್ಟಿದ ಮರುವರುಷವೇ, 1911ರಲ್ಲಿ, ಆ ಗುಡ್ಡಗಳ ಬಿದಿರೆಲ್ಲ ಹೂವು ಬಿಟ್ಟಿತು. ಸುಮಾರು ಅರ್ಧ ಶತಮಾನಕ್ಕೆ ಒಂದಾವರ್ತಿ ಹಾಗಾಗುತ್ತದೆ. ಬಿದಿರಕ್ಕಿಯನ್ನು ತಿಂದು ಇಲಿಗಳು ಲೆಕ್ಕವಿಲ್ಲದೆ ಹೆಚ್ಚಿ, ಅದು ಮುಗಿದ ಬಳಿಕ ಹೊಲಗಳ ಮೇಲೂ ಕಣಜಗಳ ಮೇಲೂ ಬೀಳುತ್ತವೆ. 1911 ಮತ್ತು 1912ರಲ್ಲಿ ಅಲ್ಲಿ ಘೋರ ಕ್ಷಾಮ. ಬಿದಿರಿನ ಸಾವು ಎಂಬರ್ಥದ ಮೌತಾಮ್ ಎಂಬ ಹೆಸರಿನಿಂದ ಆ ಜನರು ಅದನ್ನು ನೆನಸುತ್ತಾರೆ. ಹಿಡಿ ಅಕ್ಕಿಯ ಪದ್ಧತಿ ಅಲ್ಲಿಗೆ ಸತ್ತುಹೋಗುತ್ತಿತ್ತು, ಸಾಯಬಹುದಾಗಿತ್ತು. ಸತ್ತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅದು ಸಾಯಲಿಲ್ಲ. ನೂರು ವರುಷ ದಾಟಿದ ಮೇಲೆ ಈಗಲೂ ಅಲ್ಲಿಯ ಮನೆಗಳಲ್ಲಿ ನಡೆಯುತ್ತಿದೆ. ಒಂದು ಕಾಲದಲ್ಲಿ ವೇಲ್ಸ್ ದೇಶದ ಸಹಾಯದಿಂದ ನಡೆಯುತ್ತಿದ್ದ ಆ ಸಭೆಯು ತನ್ನ ಸುವಾರ್ತಿಕರನ್ನು ತಾನೇ ಬೇರೆ ಸೀಮೆಗಳಿಗೆ ಕಳುಹಿಸುವ ಸಭೆಯಾಯಿತು.

ಆ ಹಿಡಿಯ ಗುಟ್ಟೇನು? ಅದು ಚಿಕ್ಕದೆಂಬದಲ್ಲ, ನಾವು ಹಾಕುವ ನಾಣ್ಯವೂ ಚಿಕ್ಕದೇ. ಅದು ಮೊದಲು ತೆಗೆಯಲ್ಪಟ್ಟದ್ದು. ಉಂಡು ಉಳಿದದ್ದರಿಂದ ತೆಗೆದದ್ದಲ್ಲ. ನಮ್ಮ ಮನೆಗಳಲ್ಲಿ ವಾರದ ಹಣ ಕೈಗೆ ಬಂದರೆ ಅಂಗಡಿಯ ಬಾಕಿ, ಸಂಘದ ಕಂತು, ಮಕ್ಕಳ ಖರ್ಚು, ಎಲೆ ಅಡಿಕೆ, ಸಂತೆ, ಕೈಫೋನಿನ ಖರ್ಚು, ಎಲ್ಲ ತೀರಿದ ಮೇಲೆ ಆದಿತ್ಯವಾರ ಬೆಳಿಗ್ಗೆ ದೇವಾಲಯಕ್ಕೆ ಹೊರಡುವಾಗ, ಚಿಲ್ಲರೆ ಇದೆಯೋ ಎಂದು ಗಂಡನು ಹೆಂಡತಿಯನ್ನು ಕೇಳುತ್ತಾನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಹೇಳಿಕೊಟ್ಟದ್ದು ಇದಕ್ಕೆ ತೀರ ವಿರೋಧವಾದದ್ದು. ವಾರದ ಮೊದಲನೆಯ ದಿನದಲ್ಲಿಯೇ, ಪ್ರತಿಯೊಬ್ಬನು, ತನಗೆ ದೊರೆತ ಆದಾಯಕ್ಕೆ ತಕ್ಕ ಹಾಗೆ, ತನ್ನ ಮನೆಯಲ್ಲಿಯೇ ಗಂಟು ಕಟ್ಟಿಡಲಿ; ತಾನು ಬಂದಾಗ ಅವಸರದ ವಸೂಲಿ ಬೇಡ ಎಂದು ಅವನು ಏರ್ಪಡಿಸಿದನು.

ಇದು ನಮ್ಮ ನಾಡಿಗೆ ಹೊಸ ಮಾತೂ ಅಲ್ಲ. ಹಿಂದಿನ ಕಾಲದಲ್ಲಿ ಕಣದಲ್ಲಿ ರಾಶಿ ಬಿದ್ದಾಗ ರೈತನು ಕಾಳನ್ನೆಲ್ಲ ಮನೆಗೆ ತುಂಬಿಕೊಂಡು ಹೋಗಿ ಆಮೇಲೆ ನೋಡೋಣ ಎನ್ನುತ್ತಿರಲಿಲ್ಲ. ಬಡಿಗ, ಕಮ್ಮಾರ, ಅಗಸ ಮೊದಲಾದ ಆಯಗಾರರಿಗೆ ಕಣದಲ್ಲಿಯೇ ಅಳೆದು ಕೊಡುವದಿತ್ತು. ಬಾಗಿಲಿಗೆ ಬಂದ ಭಿಕ್ಷುಕನಿಗೆ ಬೊಗಸೆ ಜೋಳ ಹಾಕದೆ ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿರಲಿಲ್ಲ. ಕ್ರಿಸ್ತನ ಬಳಿಗೆ ಬಂದ ನಾವು ಹಳೆಯ ವಿಗ್ರಹಗಳನ್ನು ಬಿಟ್ಟೆವು, ಒಳ್ಳೇದು. ಆದರೆ ಆ ಬೊಗಸೆಯನ್ನೂ ಸಂಗಡಲೇ ಬಿಟ್ಟುಬಿಟ್ಟೆವೋ? ಜಾತ್ರೆಗೆ ಕುರಿಯನ್ನು ಕೊಂಡು ಒಯ್ಯುತ್ತಿದ್ದ ಕೈಯಿಂದ ಜೀವವುಳ್ಳ ದೇವರಿಗೆ ಸವೆದ ನಾಣ್ಯವು ಬೀಳುವದಾದರೆ ನೆರೆಯವರು ನಮ್ಮ ದೇವರನ್ನು ಎಷ್ಟರವನೆಂದು ಎಣಿಸುವರು?

ಜೋಳದ ಸೀಮೆಯವರು ಹಿಡಿ ಜೋಳವನ್ನು ಇಡಲಿ, ರಾಗಿಯ ಸೀಮೆಯವರು ಹಿಡಿ ರಾಗಿಯನ್ನು ಇಡಲಿ. ಮಲೆಯಾಳ ದೇಶದ ಕ್ರೈಸ್ತರಲ್ಲಿಯೂ ಪಿಡಿಯರಿ ಎಂಬ ಹೆಸರಿನಿಂದ ಈ ಪದ್ಧತಿ ಹಿಂದಿನಿಂದ ಬಂದಿದೆ. ಇದರಲ್ಲಿ ಇನ್ನೊಂದು ಒಳ್ಳೇದುಂಟು. ಮನೆಯ ಹಣದ ಮೇಲೆ ಅನೇಕ ಹೆಂಗಸರಿಗೆ ಅಧಿಕಾರವಿಲ್ಲ. ಗಂಡನು ಕುಡುಕನಾದರೆ ಹೇಳುವದೇ ಬೇಡ. ಆದರೆ ಒಲೆಯ ಮುಂದೆ ಅವಳೇ ಮನೆವಾರ್ತೆಯವಳು. ತನ್ನ ಪಾಲಿನ ಅನ್ನದಿಂದ ಒಂದು ಹಿಡಿಯನ್ನು ಅವಳು ತೆಗೆಯುವಾಗ ಯಾವ ಗಂಡನೂ ಲೆಕ್ಕ ಕೇಳಲಾರನು. ಆ ಹಿಡಿಯಲ್ಲಿ ಹೆಸರು ಬರೆದಿರುವದಿಲ್ಲ, ದಾನಿಗಳ ಫಲಕದಲ್ಲಿ ಅದು ಬರುವದಿಲ್ಲ. ದೇವಾಲಯದ ಪಂಖದ ರೆಕ್ಕೆಯ ಮೇಲೆಯೂ ಗಡಿಯಾರದ ಮುಖದ ಮೇಲೆಯೂ ಕೊಟ್ಟವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯಿಸುವ ನಮ್ಮ ಕಾಲದ ರೂಢಿ ನಮಗೆ ಸರಿ ತೋರುವದಿಲ್ಲ. ಪ್ರಾರ್ಥನೆಯ ನಡುವೆ ತಲೆಯೆತ್ತಿದವನಿಗೆ ಕರ್ತನ ಹೆಸರಿಗಿಂತ ಮೊದಲು ಕಂಟ್ರಾಕ್ಟರನ ಹೆಸರು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೇವರಿಗೆ ನೂರು ಕೊಟ್ಟರೆ ಸಾವಿರವಾಗಿ ಹಿಂದಿರುಗುವದೆಂದು ಹೇಳಿ ಹಣ ಎತ್ತುವ ಬೋಧಕರು ಈಗ ಹಳ್ಳಿಗಳಿಗೂ ಬರುತ್ತಾರೆ. ಅವರು ಚಾರೆಪ್ತದ ವಿಧವೆಯ ಕಥೆಯನ್ನು ಬಹಳವಾಗಿ ಹೇಳುವದುಂಟು. ಆ ಕಥೆ ಅರಸುಗಳ ಮೊದಲನೆಯ ಪುಸ್ತಕದ 17ನೆಯ ಅಧ್ಯಾಯದಲ್ಲಿದೆ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ. ಅದನ್ನು ಸುಟ್ಟು ತಿಂದು ಮಗನೊಂದಿಗೆ ಸಾಯಲಿಕ್ಕೆ ಸಿದ್ಧಳಾಗಿದ್ದವಳು ಪ್ರವಾದಿಯಾದ ಎಲೀಯನಿಗೆ ಮೊದಲು ರೊಟ್ಟಿ ಮಾಡಿ ಕೊಟ್ಟಳು. ಮಡಕೆಯಲ್ಲಿಯ ಹಿಟ್ಟು ತೀರಲಿಲ್ಲ, ನಿಜ. ಆದರೆ ಅವಳ ಮನೆಯಲ್ಲಿ ಕಣಜ ತುಂಬಿತೆಂದಾಗಲಿ ಅವಳು ಮಾಳಿಗೆಯ ಮನೆ ಕಟ್ಟಿಸಿದಳೆಂದಾಗಲಿ ಬರೆದಿಲ್ಲ. ಮಳೆ ಬರುವ ತನಕ ದಿನದಿನದ ರೊಟ್ಟಿ ದೊರೆಯಿತು; ನಡುವೆ ಆ ಮಗನು ಕಾಯಿಲೆಬಿದ್ದು ಸತ್ತದ್ದೂ ಅದೇ ಅಧ್ಯಾಯದಲ್ಲಿದೆ. ದೇವರು ಅವನನ್ನು ಬದುಕಿಸಿದನು. ಆದರೆ ಕೊಟ್ಟವಳ ಮನೆಗೆ ದುಃಖ ಬರಲಿಲ್ಲವೆಂದು ಹೇಳುವವನು ಆ ಅಧ್ಯಾಯವನ್ನು ಕೊನೆಯ ತನಕ ಓದಿದವನಲ್ಲ. ದೇವರೊಂದಿಗೆ ಬಡ್ಡಿಯ ವ್ಯಾಪಾರ ಮಾಡಲಿಕ್ಕೆ ಹೋಗಬೇಡಿರಿ. ಬೆಳೆ ಬಾರದ ವರುಷ ಅಂಥ ನಂಬಿಕೆ ಒಣಗಿಹೋಗುತ್ತದೆ. ಹೀಗೆ ಒಣಗಿಹೋದವರ ಮನೆಗಳಿಗೆ ನಾವು ಹೋಗಿದ್ದೇವೆ.

ಸಾಲ ಮಾಡಿ ಕೊಡಬೇಕೋ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಬೇಡ. ಇದ್ದದ್ದಕ್ಕೆ ತಕ್ಕ ಹಾಗೆ ಕೊಟ್ಟದ್ದು ಮೆಚ್ಚಿಗೆಯಾಗುವದು, ಇಲ್ಲದ್ದಕ್ಕೆ ತಕ್ಕ ಹಾಗೆ ದೇವರು ಕೇಳುವದಿಲ್ಲವೆಂದು ಪೌಲನು 8ನೆಯ ಅಧ್ಯಾಯದಲ್ಲಿಯೇ ಸ್ಪಷ್ಟಪಡಿಸಿದ್ದಾನೆ. ಅಂಗಡಿಯವನ ಬಾಕಿಯನ್ನು ನಿಲ್ಲಿಸಿ ದೇವಾಲಯಕ್ಕೆ ಗಂಟೆ ಕೊಟ್ಟರೆ ಅದು ಅಂಗಡಿಯವನ ಗಂಟೆಯಾಯಿತು. ಮುದಿ ತಂದೆತಾಯಿಗಳಿಗೆ ಊಟಕ್ಕಿಲ್ಲದಿರುವಾಗ, ಇದು ದೇವರ ಪಾಲು ಎಂದು ಹೇಳಿ ಕೈತೊಳಕೊಳ್ಳುವವರನ್ನು ನಮ್ಮ ಕರ್ತನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಎಷ್ಟು ಕಠಿಣವಾಗಿ ಖಂಡಿಸಿದನೆಂದು ಓದಿರಿ. ಆದರೂ ಸಾಲವಿದೆ ಎಂಬ ನೆವವು ಕಾಣಿಕೆಯ ವಿಷಯದಲ್ಲಿ ಮಾತ್ರ ನೆನಪಿಗೆ ಬಂದು, ಮಗಳ ಮದುವೆಯ ಮೆರವಣಿಗೆಯ ವಿಷಯದಲ್ಲಿ ಮರೆತುಹೋಗುವದನ್ನು ನಾವು ನೋಡಿದ್ದೇವೆ. ದಶಮಾಂಶದ ಸಂಗತಿಯೂ ಹಾಗೆಯೇ. ಅದು ಮೋಶೆಯ ಕಾಲದ ನಿಯಮ, ನಾವು ಕೃಪೆಯ ಕೆಳಗಿದ್ದೇವೆ ಎಂದು ವಾದಿಸುವವರುಂಟು. ಹತ್ತರಲ್ಲಿ ಒಂದನ್ನು ನಾವು ಯಾರ ಹೆಗಲ ಮೇಲೂ ನೊಗವಾಗಿ ಹೊರಿಸುವದಿಲ್ಲ. ಆದರೆ ಹೀಗೆ ವಾದಿಸುವವರು ಹತ್ತರಲ್ಲಿ ಎರಡನ್ನು ಕೊಡುವದನ್ನು ನಾವು ಇನ್ನೂ ಕಾಣಬೇಕಾಗಿದೆ.

ಈಗ ಸಭೆಯ ಹಿರಿಯರಿಗೂ ಖಜಾಂಚಿಗಳಿಗೂ ಒಂದು ಮಾತು. ಕೊಡುವವರನ್ನು ಎಚ್ಚರಿಸುವದು ಸುಲಭ. ತಕ್ಕೊಳ್ಳುವವರನ್ನು ಎಚ್ಚರಿಸುವದು ಅದಕ್ಕಿಂತ ಅಗತ್ಯ. ಅರಸುಗಳ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ ಯೆಹೋವಾಷ ಅರಸನ ವೃತ್ತಾಂತವಿದೆ. ದೇವಾಲಯದಲ್ಲಿ ಶಿಥಿಲವಾದ ಭಾಗಗಳನ್ನು ದುರಸ್ತು ಮಾಡಿಸುವದಕ್ಕಾಗಿ ಜನರು ಕೊಡುವ ಹಣವನ್ನು ಯಾಜಕರ ವಶಕ್ಕೆ ಬಿಟ್ಟಿದ್ದನು. ಅವನ ಆಳಿಕೆಯ 23ನೆಯ ವರುಷದಲ್ಲಿ ನೋಡಿದರೆ ಒಂದು ಬಿರುಕೂ ಮುಚ್ಚಲ್ಪಟ್ಟಿರಲಿಲ್ಲ! ಹಣ ಏನಾಯಿತೆಂದು ಗ್ರಂಥವು ಹೇಳುವದಿಲ್ಲ. ಯಾಜಕರು ಕಳ್ಳರೆಂದೂ ಹೇಳುವದಿಲ್ಲ. ಬೇರೆ ಬೇರೆ ಕೈಗಳಿಗೆ ಬಂದದ್ದು ಬೇರೆ ಬೇರೆ ಖರ್ಚುಗಳಲ್ಲಿ ಕರಗಿಹೋಗಿರಬಹುದು. ಹಳ್ಳಿಯ ಸಭೆಯ ಲೆಕ್ಕವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗ ಅರಸನು ಪ್ರಸಂಗ ಮಾಡಿಸಲಿಲ್ಲ, ಏರ್ಪಾಡನ್ನು ಬದಲಾಯಿಸಿದನು. ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆಯನ್ನು ತಕ್ಕೊಂಡು ಅದರ ಮುಚ್ಚಳದಲ್ಲಿ ತೂತುಮಾಡಿ, ಜನರು ಒಳಗೆ ಬರುವ ಬಲಗಡೆಯಲ್ಲಿ ಯಜ್ಞವೇದಿಯ ಮಗ್ಗುಲಲ್ಲಿ ಇಟ್ಟನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ, ಇಬ್ಬರೂ, ಕೂಡಿ ಎಣಿಸಿ ಕೆಲಸಗಾರರಿಗೆ ಕೊಡುವರು. ಬಡಗಿಗಳಿಗೆ, ಕಲ್ಲುಕುಟಿಗರಿಗೆ, ಮರಕ್ಕೆ, ಕಲ್ಲಿಗೆ ಹಣ ಹೋಯಿತು. ದೇವಾಲಯ ದುರಸ್ತಾಯಿತು.

ಪೌಲನೂ ಇದೇ ಹೆಜ್ಜೆಯಲ್ಲಿ ನಡೆದನು. ಅವನ ಪ್ರಾಮಾಣಿಕತೆಯನ್ನು ಯಾರು ಸಂಶಯಪಡುವರು? ಆದರೂ ಅಷ್ಟು ದೊಡ್ಡ ಮೊತ್ತವನ್ನು ಅವನು ಒಬ್ಬನೇ ಒಯ್ಯಲಿಲ್ಲ. ತೀತನನ್ನೂ ಸಭೆಗಳಿಂದ ನೇಮಿಸಲ್ಪಟ್ಟ ಬೇರೆ ಸಹೋದರರನ್ನೂ ಜೊತೆಗೆ ಹಾಕಿಕೊಂಡನು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ತಮ್ಮ ಕೆಲಸ ಸರಿಯಾಗಿ ಕಾಣಬೇಕೆಂಬದು ಅವನ ವಿಚಾರ. ದೇವರಿಗೆ ಗೊತ್ತಿದೆ, ನಿಮಗೇಕೆ ಲೆಕ್ಕ ಎಂದು ಗದರಿಸುವ ಖಜಾಂಚಿಯು ಅಪೊಸ್ತಲನಿಗಿಂತ ತಾನು ದೊಡ್ಡವನೆಂದು ಹೇಳಿಕೊಂಡಂತಾಯಿತು. ಒಂದು ಊರಿನಲ್ಲಿ ಜನರು ಕೊಡುವದನ್ನು ಬಿಟ್ಟಿದ್ದಾರೆಂಬ ದೂರು ಕೇಳಿ ನಾವು ಹೋಗಿದ್ದೆವು. ಜಿಪುಣರೆಂದು ಗದರಿಸಲಿಕ್ಕೆ ವಚನಗಳನ್ನೂ ಹುಡುಕಿಟ್ಟಿದ್ದೆವು. ವಿಚಾರಿಸಿ ನೋಡಿದರೆ ಏಳು ವರುಷಗಳಿಂದ ಅಲ್ಲಿ ಲೆಕ್ಕವನ್ನು ಓದಿಯೇ ಇರಲಿಲ್ಲ. ಹಣ ಎಲ್ಲಿಯೂ ಹೋಗಿರಲಿಲ್ಲ, ಕಾಸಿಗೆ ಕಾಸು ಇತ್ತು, ಆದರೆ ಹೇಳುವವರಿರಲಿಲ್ಲ. ಆ ದಿನವೇ ಜಗುಲಿಯ ಮೇಲೆ ಕುಳಿತು ಲೆಕ್ಕವನ್ನು ಓದಿಸಿದೆವು. ಹುಡುಕಿಟ್ಟಿದ್ದ ವಚನಗಳು ಚೀಲದಲ್ಲಿಯೇ ಉಳಿದವು. ಪೆಟ್ಟಿಗೆಗೆ ಎರಡು ಬೀಗಗಳಿರಲಿ, ಬೀಗದ ಕೈಗಳು ಇಬ್ಬರಲ್ಲಿರಲಿ, ತಿಂಗಳಿಗೆ ಒಂದಾವರ್ತಿ ಬಂದದ್ದೆಷ್ಟು ಹೋದದ್ದೆಷ್ಟು ಎಂಬದನ್ನು ಹೆಂಗಸರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದಿರಿ. ಫೋನಿನ ಮೂಲಕ ಬಂದ ಹಣವು ಸಭೆಯ ಖಾತೆಗೆ ಹೋಗಲಿ, ಯಾವ ಒಬ್ಬರ ಸ್ವಂತ ಖಾತೆಗೂ ಬೇಡ.

ಕೊನೆಯಲ್ಲಿ ಹೇಳುವೆವೆಂದ ಸಂಗತಿ ಒಂದಿದೆ. ಸುಗ್ಗಿಯ ಹಬ್ಬವನ್ನು ಆಚರಿಸುವ ರೂಢಿ ನಮ್ಮ ಅನೇಕ ಸಭೆಗಳಲ್ಲಿದೆ. ಹಿಂದೆ ದೋರ್ನಕಲ್ಲಿನಲ್ಲಿ ಬಿಷಪ್ ಅಜರಾಯರು ತೆಲುಗು ಹಳ್ಳಿಗಳ ಬಡ ಕೂಲಿಜನರಿಗೆ ಇದನ್ನು ಬಹಳವಾಗಿ ಕಲಿಸಿದರು. ಆ ಜನರು ಕಾಳು, ಕೋಳಿ, ಕೈಯಲ್ಲಿದ್ದದ್ದನ್ನು ಹೊತ್ತು ತರುತ್ತಿದ್ದರು. ಅಜರಾಯರು 1912ರಲ್ಲಿ ಬಿಷಪರಾಗಿ ಅಭಿಷೇಕ ಹೊಂದಿ 1945ರಲ್ಲಿ ತೀರಿಕೊಂಡರು. ಕೊಡುವದು ಹೊಸ ಕ್ರೈಸ್ತನು ಮೊದಲ ದಿನದಿಂದಲೇ ಕಲಿಯಬೇಕಾದ ಪಾಠವೆಂದು ಅವರು ನಂಬಿದ್ದರು; ಈ ವಿಷಯದ ಮೇಲೆ ಒಂದು ಪುಸ್ತಕವನ್ನೂ ಬರೆದರು. ನಾವು ಅವರ ಮಾತನ್ನು ಓದಿದ್ದೆವು, ಇತರರಿಗೆ ಹೇಳಿಯೂ ಇದ್ದೆವು.

ಕೆಲವು ವರುಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಅಂಥ ಹಬ್ಬಕ್ಕೆ ನಾವು ಕರೆಯಲ್ಪಟ್ಟಿದ್ದೆವು. ಆ ವರುಷ ಮಳೆ ಹೋಗಿತ್ತು. ಆದರೂ ಕುಂಬಳಕಾಯಿ, ಮೆಣಸಿನಕಾಯಿ, ಕಡಲೆ, ಒಂದೆರಡು ಕೋಳಿಗಳು ಬಂದವು. ಅವುಗಳನ್ನು ಲಿಲಾವಿಗೆ ಹಾಕಿದರು, ಇದ್ದವರು ಕೂಗಿ ಕೊಂಡರು, ನಗೆಯೂ ಆಯಿತು. ಮುದುಕಿಯೊಬ್ಬಳು ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಮುಂದೆ ಬಂದಳು. ಅವಳು ಸಭೆಯ ಬಡವರ ನಿಧಿಯಿಂದ ತಿಂಗಳು ತಿಂಗಳು ಸಹಾಯ ಪಡೆಯುವವಳೆಂದು ಮಗ್ಗುಲಲ್ಲಿದ್ದವರು ನಮ್ಮ ಕಿವಿಯಲ್ಲಿ ಹೇಳಿದರು. ನಾವು ಕನಿಕರದಿಂದಲೇ, ಅಮ್ಮಾ, ನೀನು ಕೊಡಬೇಕಾಗಿಲ್ಲ, ಮನೆಗೆ ಒಯ್ದು ಗಂಜಿ ಕಾಯಿಸಿಕೋ, ದೇವರು ಮೆಚ್ಚಿಕೊಳ್ಳುವನು ಎಂದೆವು. ನಾಲ್ಕು ಜನರು ಹೌದೆಂದು ತಲೆಯಾಡಿಸಿದರು. ಅವಳು ಏನೂ ಹೇಳದೆ ಹಿಂದಕ್ಕೆ ಹೋಗಿ ಬಾಗಿಲಿನ ಹತ್ತಿರ ಕುಳಿತುಕೊಂಡಳು.

ಆರಾಧನೆ ತೀರಿ ನಾವು ಹೊರಗೆ ಬಂದಾಗ ಅವಳು ಅಲ್ಲಿಯೇ ಇದ್ದಳು. ಸೆರಗನ್ನು ಬಿಚ್ಚಿರಲಿಲ್ಲ. ಅಯ್ಯನೋರೇ, ಈ ಗುಡಿಯಾಗ ಎಲ್ಲಾರೂ ನನಗ ಕೊಟ್ಟವರೇ ಅದಾರ, ಒಂದು ದಿನಾನಾದರೂ ನಾನೂ ಕೊಟ್ಟವರ ಸಾಲಿನಾಗ ನಿಂದರಬೇಕು ಅಂತ ಬಂದಿದ್ದೆ, ನೀವು ಕೂಡ್ರಿಸಿಬಿಟ್ಟಿರಿ ಎಂದಳು. ಅವಳಿಗೆ ಸಿಟ್ಟಿರಲಿಲ್ಲ. ಮಕೆದೋನ್ಯದವರ ವಿಷಯವಾಗಿ ನಾವು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೆವು. ಆ ಹೊತ್ತಿನಲ್ಲಿ ನಮ್ಮ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಾವು ಹಿರಿಯರನ್ನು ಕರೆದು, ಮುಚ್ಚಿದ್ದ ಬಾಗಿಲನ್ನು ತಿರಿಗಿ ತೆಗೆಯಿಸಿದೆವು. ಅವಳು ಒಳಗೆ ಹೋಗಿ ಮೇಜಿನ ಮುಂದೆ ನಿಂತು ಸೆರಗಿನ ಗಂಟನ್ನು ಬಿಚ್ಚಿದಳು. ಸುಮಾರು ಎರಡು ಹಿಡಿಯಷ್ಟು ಜೋಳವಿತ್ತು. ಅದನ್ನು ಅವಳು ಒಂದೇ ಸಲಕ್ಕೆ ಸುರಿಯಲಿಲ್ಲ; ಬೊಗಸೆಯಲ್ಲಿ ತುಂಬಿಕೊಂಡು, ಕಣದಲ್ಲಿ ಅಳೆಯುವವರ ಹಾಗೆ ಮೆಲ್ಲಗೆ ಹಾಕಿದಳು. ಆ ಜೋಳವನ್ನು ಲಿಲಾವಿಗೆ ಹಾಕಲಿಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಮರು ಆದಿತ್ಯವಾರದ ಲೆಕ್ಕದಲ್ಲಿ ಕುಂಬಳಕಾಯಿ, ಕೋಳಿ ಇವುಗಳ ಬೆಲೆಯ ಕೆಳಗೆ, ಜೋಳ, ಎರಡು ಹಿಡಿ, ಬಿತ್ತುವದಕ್ಕೆ ಇಡಲ್ಪಟ್ಟಿದೆ ಎಂದು ಓದಿದರೆಂಬದಾಗಿ ಆಮೇಲೆ ಕೇಳಿದೆವು.